ಮೆಟ್ಟಿಲ ಓಣಿಗೆ ಘಂಟಾಗಾಡಿ

ಷರತ್ತಿಲ್ಲದೆ ಬದುಕುತ್ತೇವೆಂದು ಹೇಳಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಬೆಳಗ್ಗೆ ಹಾಲು ಬಂದಿದ್ದರೆ ಕಾಫಿ, ಬಾರದಿದ್ದರೆ ಮುನಿಸು. ಬಸ್ಸಿನಲ್ಲಿ ಜಾಗ ಸಿಕ್ಕರೆ ನಿದ್ದೆ, ಸಿಗದಿದ್ದರೆ ಸಮಾಜದ ಅವನತಿಯ ಬಗ್ಗೆ ಚಿಂತನೆ. ಹೀಗೆ ಷರತ್ತುಗಳನ್ನೇ ಉಂಡುಟ್ಟು ಬೆಳೆದ ನನಗೆ, ಅವನ್ನು ಕಂಪ್ಯೂಟರಿಗೆ ಮೂರು ಸಾಲಿನಲ್ಲಿ ಹೇಳಲು ಬರಲಿಲ್ಲ ಎಂಬುದನ್ನು ಘನ ಓದುಗರ ಅವಗಾಹನೆಗೆ ತರುತ್ತಿದ್ದೇನೆ.

ಪುಣೆಯ ಒಂದು ನಕ್ಷೆ ಕಚೇರಿಯಲ್ಲಿ ನಾನು ನೌಕರ. ಕಾಗದದ ಮೇಲೆ ಮಸಿಯಲ್ಲಿ ಗೆರೆ ಎಳೆಯುತ್ತಿದ್ದ ಕಾಲದವನು. ಈಗಿನ ನಕ್ಷೆಯೋ ಜಾತಕ ಕಟ್ಟಿಕೊಂಡೇ ಹುಟ್ಟುತ್ತದೆ. ಪರದೆಯ ಮೇಲಿನ ಪ್ರತಿ ಓಣಿಗೂ ಹಿಂದಿನ ಕೋಷ್ಟಕದಲ್ಲಿ ಒಂದು ಸಾಲು. ಹೆಸರು, ಅಗಲ, ಮೆಟ್ಟಿಲಿದೆಯೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಖಾನೆ. ಹೊಸ ಖಾನೆ ಸೇರಿಸಿ, ಷರತ್ತು ಬರೆದು ಗುಂಡಿ ಒತ್ತಿದರೆ ಅಷ್ಟೂ ಸಾಲುಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಈ ಸಲ ನಾನು ತುಂಬಬೇಕಿದ್ದದ್ದು, ಯಾವ ಓಣಿಯ ಕಸ ಒಯ್ಯಲು ಏನು ಬರಬೇಕು ಎಂಬ ಖಾನೆ. ಸೋಮವಾರ ನಕ್ಷೆ ವಾರ್ಡ್ ಕಚೇರಿಗೆ ಹೋಗುವುದಿತ್ತು.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಬಿಬವೇವಾಡಿಯ ಇಳಿಜಾರಿನಲ್ಲಿ, ಮೆಟ್ಟಿಲುಗಳ ಓಣಿಯ ಮೇಲ್ತುದಿಯಲ್ಲಿ ನಮ್ಮ ಮನೆ. ಇಲ್ಲಿಯವರು ಘಂಟಾಗಾಡಿ ಎನ್ನುವ ಕಸದ ವಾಹನ ಕೆಳಗಿನ ರಸ್ತೆಯಲ್ಲೇ ಗದ್ದಲ ಮಾಡಿ ಹೊರಟುಬಿಡುತ್ತದೆ. ಮಂಡಿನೋವಿನ ನನ್ನ ಹೆಂಡತಿ ಕಮಲಾ ಡಬ್ಬಿ ಹಿಡಿದು ಇಳಿಯುವಷ್ಟರಲ್ಲಿ ಅದರ ಬೆನ್ನಷ್ಟೇ ದರ್ಶನ. ನಾನೇಕೆ ಇಳಿಯುವುದಿಲ್ಲ ಎಂದು ಕೇಳಬೇಡಿ. ಆ ಹೊತ್ತಿಗೆ ನಾನು ಸ್ನಾನಕ್ಕೆ ಹೋಗಿರುತ್ತೇನೆ, ಗಾಡಿ ಹೋದ ಮೇಲೆ ಸ್ನಾನ ಮುಗಿಯುತ್ತದೆ. "ಊರ ನಕಾಶಿ ಮಾಡವ್ರು ನೀವು, ನಮ್ಮ ಓಣಿ ಒಂದ ಕಾಣಂಗಿಲ್ಲೇನ್ರಿ?" ಎಂದು ಕಲಬುರಗಿ ಕಡೆಯ ಆಕೆ ಬಚ್ಚಲ ಬಾಗಿಲಾಚೆಯಿಂದ ಕೇಳಿದಾಗ, ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದೆ.

ಷರತ್ತು ಬರೆಯಲು ಕೂತೆ. ನಾನು ಪಂಕ್ತಿಯ ಮರ್ಯಾದೆ ಬಲ್ಲವನು. ದೊಡ್ಡ ಬಳಗದವರು ಮೊದಲು ಕೂರಬೇಕು. ನಮ್ಮ ವಾರ್ಡಿನಲ್ಲಿ ಕಿರಿದಾದ ಓಣಿಗಳದ್ದೇ ದೊಡ್ಡ ಬಳಗ. ಆದ್ದರಿಂದ ಮೊದಲ ಸಾಲು: ಅಗಲ ಕಡಿಮೆಯಿದ್ದರೆ ಸಣ್ಣ ಗಾಡಿ. ಎರಡನೆಯದು: ಮೆಟ್ಟಿಲಿದ್ದರೆ ಆಳು ಹತ್ತಿ ಬಂದು ಕಸ ಒಯ್ಯಬೇಕು. ಎರಡೂ ಅಲ್ಲದಿದ್ದರೆ ದೊಡ್ಡ ಲಾರಿ. ಗುಂಡಿ ಒತ್ತಿದೆ. ನಕ್ಷೆ ಹೋಳಿಹಬ್ಬದಂತೆ ಬಣ್ಣ ಎರಚಿಕೊಂಡಿತು.

ಪಕ್ಕದ ಮೇಜಿನ ಮೈಸೂರಿನ ಹುಡುಗಿ ಮೇಘನಾ ಇಣುಕಿದಳು. "ಸರ್, ನಿಮ್ಮನೆ ಆ ಸ್ಟೆಪ್ಸ್ ಇರೋ ಲೇನಲ್ಲಿ ತಾನೆ? ಗಾಡೀನ ಹೆಲಿಕಾಪ್ಟರಲ್ಲಿ ಇಳಿಸ್ತಾರಾ?"

ನೋಡಿದರೆ ನಮ್ಮದೊಂದೇ ಅಲ್ಲ, ಗುಡ್ಡದ ಮೆಟ್ಟಿಲೋಣಿಗಳಿಗೆಲ್ಲ ಗಾಡಿಯ ಹಸಿರು ಬಣ್ಣ. ಆಳು ಹತ್ತಿ ಹೋಗುವ ಓಣಿ ಇಡೀ ವಾರ್ಡಿನಲ್ಲಿ ಒಂದೂ ಇಲ್ಲ. "ಕಂಡೀಷನ್‌ನಲ್ಲೇ ಏನೋ ಎಡವಟ್ಟಾಗಿದೆ ಸರ್" ಎಂದು ಹೇಳಿ ಅವಳು ಮೀಟಿಂಗಿಗೆ ಹೊರಟಳು. ನಾನು ಗುಟ್ಟಾಗಿ ನಮ್ಮ ಓಣಿಯ ಖಾನೆಯನ್ನು ಕೈಯಿಂದಲೇ ತಿದ್ದಿದೆ. ಮತ್ತೆ ಗುಂಡಿ ಒತ್ತಿದಾಗ ಅದು ನಿಷ್ಠೆಯಿಂದ ಹಸಿರಿಗೇ ಮರಳಿತು.

ಭಾನುವಾರ ಏಕಾದಶಿ. ಕಮಲಾಳ ತವರಿನ ಬಳಗ ಕಾತ್ರಜದಲ್ಲಿ ಬಸ್ಸಿಳಿದು ನೇರ ನಮ್ಮ ಮನೆಗೆ ಬಂತು. ಎಲ್ಲರೂ ಊಟಕ್ಕೆ ಕೂತರು. ಕಮಲಾ ಸೌಟು ಹಿಡಿದು ನಿಂತಳು: "ಮೊದ್ಲ ಹೇಳ್ರಿ, ಉಪಾಸ ಯಾರದ? ನಿಮಗ ಸಾಬೂದಾಣಿ ಖಿಚಡಿ. ಆಮ್ಯಾಲ ಸಕ್ಕರಿ ಬ್ಯಾನಿ ಇದ್ದವ್ರು, ನಿಮಗ ರೊಟ್ಟಿ. ಉಳಿದವ್ರಿಗೆಲ್ಲ ಹೋಳಿಗಿ."

"ಬಸ್ಸಿನಲ್ಲಿ ಬಂದವರು. ಹಸಿದವರು ಯಾರು ಅಂತ ಮೊದಲು ಕೇಳಬಾರದೆ?" ಎಂದೆ, ಯಜಮಾನನ ಗತ್ತಿನಲ್ಲಿ.

"ಎಲ್ಲಾರೂ ಹಸದೇ ಬಂದಾರ್ರಿ! ಹಂಗ ಕೇಳಿದ್ರ ಉಪಾಸದ ಕಾಕೂನೂ ಕೈ ಎತ್ತತಾಳ. ನಾ ಆಕಿ ತಾಟಿಗೆ ಹೋಳಿಗಿ ಹಾಕಿ ಮುಂದ ಹೋಗತೀನಿ. ವ್ರತ ಕೆಟ್ಟ ಮ್ಯಾಲ ನೀವು ಬಂದು ಸರಿ ಮಾಡ್ತೀರೇನು?"

ನನ್ನ ಮಾತಿಗೆ ಆಗಲೇ ಕೈ ಎತ್ತಿದ್ದ ಆಕೆಯ ಚಿಕ್ಕಮ್ಮ, ಕಾಕು, ಗಾಬರಿಯಿಂದ ಕೈ ಕೆಳಗಿಳಿಸಿದರು. ಸಕ್ಕರೆ ಕಾಯಿಲೆಯವನಾದ ನನ್ನ ಪಾಲಿನ ರೊಟ್ಟಿ ತಣ್ಣಗಾಗುತ್ತಿದ್ದುದೂ ನನಗೆ ತಿಳಿಯಲಿಲ್ಲ. ಮೆಟ್ಟಿಲೋಣಿಗಳೂ ಕಿರಿದೇ ತಾನೆ! "ಅಗಲ ಕಡಿಮೆ ಯಾರದು?" ಎಂದು ನಾನು ಮೊದಲೇ ಕೇಳಿದ್ದೆ, ಅವೂ ಕೈ ಎತ್ತಿದ್ದವು. ಕಂಪ್ಯೂಟರು ಗಾಡಿಯನ್ನು ಬಡಿಸಿ, ಮೆಟ್ಟಿಲಿನ ಮಾತೆತ್ತದೆ ಮುಂದಿನ ಓಣಿಗೆ ಹೋಗಿತ್ತು.

ಸೋಮವಾರ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ ಎರಡನೆಯ ಸಾಲನ್ನು ಮೇಲಕ್ಕೆ ತಂದೆ. ಗುಡ್ಡದ ಓಣಿಗಳೆಲ್ಲ ಹಸಿರು ಬಿಟ್ಟು ಕೇಸರಿಯಾದವು. "ಸೂಪರ್ ಸರ್! ಯಾರನ್ನ ಕೇಳಿದ್ರಿ?" ಎಂದಳು ಮೇಘನಾ. "ಹೊರಗಿನ ತಜ್ಞರೊಬ್ಬರ ಸಲಹೆ ಪಡೆಯಲಾಯಿತು" ಎಂದೆ.

ಈಗ ಕೆಲವು ವಾರಗಳಿಂದ ಒಬ್ಬಾತ ಚೀಲ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಾನೆ. "ತಾಈ, ಕಚರಾ ದ್ಯಾ!" ಎಂದು ಬಾಗಿಲಲ್ಲೇ ಕೂಗಿ ಕಸ ಕೇಳುತ್ತಾನೆ. ಕಮಲಾಳ ಮಂಡಿಗೆ ಬಿಡುವು. ನನ್ನ ಸ್ನಾನವೂ ಚುಟುಕಾಗಿದೆ. ಆ ಸಂತೋಷಕ್ಕೆ ಮೊನ್ನೆ ಆಕೆ ಓಣಿಯವರನ್ನೆಲ್ಲ ಕರೆದು ಮತ್ತೆ ಹೋಳಿಗೆ ಮಾಡಿದಳು. ಈ ವಿಜಯದ ಶಿಲ್ಪಿಯಾದ ನಾನು ಪಂಕ್ತಿಯ ಕೊನೆಯಲ್ಲಿ, 'ಉಳಿದವರ' ನಡುವೆ, ತುಪ್ಪದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ವಿನಯದಿಂದ ಕೂತಿದ್ದೆ.

"ನೀವು ಅಲ್ಲಿತನಾ ಬರಂಗೇ ಇಲ್ರಿ" ಎಂದಳು ಕಮಲಾ. "ಎರಡನೇದ್ರಾಗ ಸಿಕ್ಕೀರಿ." ನನ್ನ ತಾಟಿಗೆ ಜೋಳದ ರೊಟ್ಟಿ ಹಾಕಿ, ಕಂಪ್ಯೂಟರಿನಷ್ಟೇ ನಿರ್ವಿಕಾರವಾಗಿ ಮುಂದಿನವರ ಕಡೆ ಹೋದಳು.