ಮೂರು ಪರದೆ, ಒಂದೇ ಕತ್ತು

ಒಂದು ಪರದೆಯ ಮುಂದೆ ಕೂತವನು ಗುಮಾಸ್ತ, ಮೂರು ಪರದೆಯ ಮುಂದೆ ಕೂತವನು ಮೇಲ್ವಿಚಾರಕ! ಈ ಪರಮಸತ್ಯ ಲಾರಿ ಕಂಪನಿಯ ಗುಮಾಸ್ತರಿಗೆ ಹೊಳೆದದ್ದೇ ತಡ, ಮನೆಯ ಊಟದ ಮೇಜು ಅವರ ಸಾಮ್ರಾಜ್ಯಕ್ಕೆ ಸೇರಿಹೋಯಿತು. ಎಡಕ್ಕೆ ಲಾರಿಗಳ ನಕ್ಷೆ, ಬಲಕ್ಕೆ ಪತ್ರವ್ಯವಹಾರ, ನಡುವೆ ವಿಡಿಯೋ ಮೀಟಿಂಗು. ಹೆಂಡತಿ ಮತ್ತು ಅತ್ತೆ ತಟ್ಟೆ ಲೋಟಗಳ ಸಮೇತ ನೆಲಕ್ಕಿಳಿದರು.

"ಇರೋದೊಂದು ತಲೆ, ಅದಕ್ಕೆ ಮೂರು ಯಾಕ್ರೀ?" ಎಂದಳು ಹೆಂಡತಿ.

"ನಿನಗೆ ಗೊತ್ತಾಗಲ್ಲ ಕಣೇ. ಮೇಲ್ವಿಚಾರಕನ ಕುರ್ಚಿ ಯಾರಿಗೆ ಅಂತ ಸಾಹೇಬ್ರು ಇವತ್ತು ಹೇಳ್ತಾರೆ. ನೋಡ್ತಿರು!"

(ಒಂದು ಸಣ್ಣ ತೊಡಕಿತ್ತು. ಎಡಗಡೆಯ ಪರದೆ ಬಲಕ್ಕಿದೆ, ಬಲಗಡೆಯದು ಎಡಕ್ಕಿದೆ ಎಂದು ಕಂಪ್ಯೂಟರು ಹಟ ಹಿಡಿದಿತ್ತು. ಮೌಸಿನ ಬಾಣವನ್ನು ಎಡಕ್ಕೆ ಬಿಟ್ಟರೆ ಅದು ಬಲಗಡೆ ಪ್ರತ್ಯಕ್ಷವಾಗುತ್ತಿತ್ತು. ತಂತಿಗಳನ್ನು ಅದಲುಬದಲು ಸಿಕ್ಕಿಸಿದ ಮಹಾಶಯರು ಯಾರೆಂದು ಕೇಳಬೇಡಿ.)

ಮೀಟಿಂಗು ಶುರುವಾಯಿತು. ಅಡುಗೆಮನೆಯಲ್ಲಿ ಮಿಕ್ಸಿ ಗರ್ಜಿಸಿತು. ಗುಮಾಸ್ತರು ಗಡಬಡಿಸಿ ಮೈಕ್ ಮುಚ್ಚಿದರು; ಆ ರಭಸಕ್ಕೆ ಬಾಣ ಎತ್ತಲೋ ಹಾರಿಹೋಯಿತು. ಆಗಲೇ ಸಾಹೇಬರು ಕೇಳಿಬಿಟ್ಟರು: "ಏನ್ರೀ, ಮೇಲ್ವಿಚಾರಕನ ಜವಾಬ್ದಾರಿ ನೀವೇ ಹೊತ್ಕೋತೀರಾ?"

"ಒಪ್ಪಿಗೆ ಸಾರ್!" ಗುಮಾಸ್ತರು ಕೂಗಿದರು. ಕೇಳಿಸಿದ್ದು ಅತ್ತೆಗೆ ಮಾತ್ರ. ಮೈಕ್ ತೆರೆಯಬೇಕು, ತೆರೆಯಲು ಬಾಣ ಬೇಕು, ಬಾಣ ಎಲ್ಲಿ? ಎಡಕ್ಕೆ ನೋಡಿದರು, ಇಲ್ಲ. ಬಲಕ್ಕೆ ನೋಡಿದರು, ಇಲ್ಲ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಎಡ ಯಾವುದು ಬಲ ಯಾವುದು ಎಂಬುದೇ ಮರೆತುಹೋಗಿ, ಕತ್ತು ಗೋಡೆ ಫ್ಯಾನಿನಂತೆ ತಿರುಗತೊಡಗಿತು.

"ಬೇಡ್ವಾ?" ಸಾಹೇಬರು ಬೆರಗಾದರು. "ನಿಜವಾಗ್ಲೂ ಬೇಡ್ವಾ? ಅಬ್ಬಾ, ಇಷ್ಟು ಜೋರಾಗಿ ಬೇಡ ಅಂದೋರನ್ನ ನಾನು ನೋಡೇ ಇಲ್ಲ! ಹಾಗಾದ್ರೆ ಆಫೀಸಲ್ಲಿ ನಿಮ್ಮ ಪಕ್ಕದ ಕುರ್ಚಿಯವರಿಗೇ ಕೊಟ್ಬಿಡೋಣ್ವಾ?"

ಪಕ್ಕದ ಕುರ್ಚಿಯವನೆಂದರೆ, ಬಿರುಕು ಬಿಟ್ಟ ಒಂದೇ ಒಂದು ಹಳೇ ಲ್ಯಾಪ್‌ಟಾಪಿನಲ್ಲಿ ಕಾಲ ಹಾಕುತ್ತಿದ್ದ ಆಸಾಮಿ. ಅಷ್ಟರಲ್ಲಿ ಲಾರಿ ನಕ್ಷೆಯ ಮೂಲೆಯಲ್ಲಿ ಅಡಗಿದ್ದ ಬಾಣ ಕಣ್ಣಿಗೆ ಬಿತ್ತು. ಸಿಕ್ಕಿದ ಸಂಭ್ರಮದಲ್ಲಿ ಗುಮಾಸ್ತರ ತಲೆ ಮೇಲಕ್ಕೂ ಕೆಳಕ್ಕೂ ಕುಣಿದಾಡಿತು.

"ಎಂಥಾ ದೊಡ್ಡ ಮನಸ್ಸು ರೀ ನಿಮ್ದು! ಆಯ್ತು, ಅವರಿಗೇ," ಎಂದು ಸಾಹೇಬರು ಕೈಮುಗಿದು ಮಾಯವಾದರು.

ಮೈಕ್ ತೆರೆಯಿತು. "ಒಪ್ಪಿಗೆ ಸಾರ್!" ಎಂಬ ಗುಮಾಸ್ತರ ಘೋಷಣೆ ಖಾಲಿ ಪರದೆಗೆ ಬಡಿದು ವಾಪಸ್ಸಾಯಿತು. ಮಿಕ್ಸಿಯೂ ನಿಂತಿತ್ತು.

"ಅಳಿಯಂದ್ರೇ, ಅಷ್ಟೊಂದು ಯಾಕೆ ತಲೆ ಆಡಿಸಿದ್ರಿ? ಒಂದ್ಸಲ ಹೂಂ ಅಂತ ಆಡಿಸಿದ್ರೆ ಸಾಕಿತ್ತಲ್ಲ?" ಎಂದರು ಅತ್ತೆ, ನೆಲದಿಂದಲೇ.

ಹೆಂಡತಿ ತಟ್ಟೆಗಳನ್ನು ಹಿಡಿದು ಬಂದು ನಿಂತಳು. "ಈಗ್ಲಾದ್ರೂ ಮೇಜು ಖಾಲಿ ಮಾಡ್ತೀರೋ ಇಲ್ವೋ?"

ಗುಮಾಸ್ತರು ಎರಡೂ ಕೈಯಿಂದ ತಲೆಯನ್ನು ಅಲುಗಾಡದಂತೆ ಭದ್ರವಾಗಿ ಹಿಡಿದುಕೊಂಡು, ಬಾಯಿ ಬಿಟ್ಟೇ ಹೇಳಿದರು: "ಹೂಂ."