ನಾಳೆಯ ಅಡುಗೆಗೊಬ್ಬರು ಅಧ್ಯಕ್ಷರು

ದುಡ್ಡು ಕೊಟ್ಟವರಿಗೆ ಸಾಮಾನು ಕೊಟ್ಟರೆ ವ್ಯಾಪಾರ ಮುಗಿಯಿತು ಎಂದು ನಂಬಿಕೊಂಡು ಬದುಕಿದವಳು ನಾನು. ತರಕಾರಿಯವನಿಗೆ ಹಣ ಕೊಟ್ಟು ಬೆಂಡೆಕಾಯಿ ತಂದ ಮೇಲೆ ಅವನ ಅಂಗಡಿಯಲ್ಲಿ ನನಗೇನು ಹಕ್ಕು? ಹೆಚ್ಚೆಂದರೆ ಎರಡು ಎಸಳು ಕೊತ್ತಂಬರಿ ಸೊಪ್ಪು ಕೇಳಿ ಪಡೆಯಬಹುದು. ಅದು ಬಿಟ್ಟು, ಬೆಂಡೆಕಾಯಿ ಕೊಂಡವರೆಲ್ಲ ಸೇರಿ ಒಂದು ಭಾನುವಾರ ತರಕಾರಿಯವನಿಗೆ ಹಾರ ಹಾಕಿ, ಶಾಲು ಹೊದಿಸಿ, ಅವನ ತಕ್ಕಡಿಯನ್ನು ಬೇರೆಯವರ ಕೈಗೆ ಕೊಟ್ಟು, ಅವನನ್ನು ಮರ್ಯಾದೆಯಿಂದ ಮನೆಗೆ ಕಳಿಸಬಹುದು ಎಂದು ಯಾರಾದರೂ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಈಗ ನಗುವುದಿಲ್ಲ. ಅಂಥದೊಂದು ಭಾನುವಾರವನ್ನು ಡೊಂಬಿವಲಿಯ ಒಂದು ಸಣ್ಣ ಹಾಲ್‌ನಲ್ಲಿ, ಕುತ್ತಿಗೆಗೆ ಸೇವಂತಿಗೆ ಹಾರ ಹಾಕಿಸಿಕೊಂಡು, ಬಾಯಿ ಬಿಟ್ಟವಳು ಬಿಟ್ಟಂತೆಯೇ ಅನುಭವಿಸಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಾನು ಠಾಣೆಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಡೊಂಬಿವಲಿಯಿಂದ ದಿನವೂ ಲೋಕಲ್ ರೈಲಿನಲ್ಲಿ ಓಡಾಟ. ಬೆಳಿಗ್ಗೆ ಹೋಗುವಾಗ ಒಂದು ಕಾಲಿಗೆ ಜಾಗ ಸಿಕ್ಕಿ, ಇನ್ನೊಂದನ್ನು ಎಲ್ಲಿಡಲಿ ಎಂದು ಯೋಚಿಸುವಷ್ಟರಲ್ಲಿ ಠಾಣೆ ಬಂದುಬಿಡುತ್ತಿತ್ತು. ಸಂಜೆ ಅದೃಷ್ಟವಿದ್ದರೆ ಸೀಟು. ಸೀಟು ಸಿಕ್ಕಿದರೆ ನಮ್ಮ ಲೇಡೀಸ್ ಡಬ್ಬಿಯಲ್ಲಿ ಯಾರೂ ಸುಮ್ಮನೆ ಕೂರುವವರಲ್ಲ. ಮಡಿಲಲ್ಲಿ ಪೇಪರ್ ಹಾಸಿಕೊಂಡು ಒಬ್ಬಳು ಬಟಾಣಿ ಸುಲಿಯುತ್ತಾಳೆ, ಇನ್ನೊಬ್ಬಳು ತೊಂಡೆಕಾಯಿ ಸೀಳುತ್ತಾಳೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಾಳೆ ಏನು ಮಾಡುವುದು? ಅಡುಗೆ ಮಾಡುವುದು ಕಷ್ಟವಲ್ಲ ಸ್ವಾಮಿ, ಏನು ಮಾಡುವುದು ಎಂದು ತೀರ್ಮಾನಿಸುವುದು ಕಷ್ಟ. ಗಂಡಸರಿಗೆ ಇದು ಅರ್ಥವಾಗುವುದಿಲ್ಲ. ಅವರನ್ನು ಕೇಳಿದರೆ "ಏನಾದರೂ ಮಾಡು" ಎನ್ನುತ್ತಾರೆ; ಮಾಡಿದ ಮೇಲೆ "ಇದಾ?" ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ದೇವರು ನನಗೆ ವರ ಕೊಟ್ಟಿದ್ದ. ಪಕ್ಕದವಳ ಚೀಲದೊಳಗೆ ಇಣುಕಿ, ಅವಳ ಫ್ರಿಜ್ಜಿನಲ್ಲಿ ಏನು ಉಳಿದಿದೆ ಎಂದು ಕೇಳಿ, ಮರುದಿನದ ಊಟದ ಡಬ್ಬಿಗೆ ಏನೆಂದು ನಿಂತ ನಿಲುವಿನಲ್ಲಿ ಹೇಳಿಬಿಡುತ್ತಿದ್ದೆ. ಮುಂಬ್ರಾ ಸ್ಟೇಷನ್ ದಾಟುವುದರೊಳಗೆ ನಾಲ್ಕು ಮನೆಗಳ ಊಟ ತೀರ್ಮಾನವಾಗುತ್ತಿತ್ತು.

ಆಮೇಲೆ ಆಫೀಸು ಪುಣೆಗೆ ಹೋಯಿತು, ನಾನು ಮನೆಗೆ ಬಂದೆ. ಮನೆಯಲ್ಲಿ ಕೂತ ಮೇಲೆ ಮೊದಲ ಬಾರಿಗೆ ಗಂಡನ ಹತ್ತಿರ ಕೈ ಚಾಚಬೇಕಾಯಿತು. ಇವರು ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ಗಲ್ಲೆಯ ಮೇಲೆ, ಅಂದರೆ ದುಡ್ಡಿನ ಪೆಟ್ಟಿಗೆಯ ಹಿಂದೆ, ಕೂರುವವರು. ಪಾಪ, ಯಾವತ್ತೂ ಇಲ್ಲ ಎಂದವರಲ್ಲ. ಆದರೆ ಕೊಡುವ ಮೊದಲು ತಲೆ ಎತ್ತದೆ "ಎಂತಕ್ಕೆ?" ಎಂದು ಕೇಳುವ ಅಭ್ಯಾಸ. ಕೆಟ್ಟ ಮನಸ್ಸಿನಿಂದಲ್ಲ, ಗಲ್ಲೆಯ ಗುಣ. ನನಗೆ ಮಾತ್ರ ಆ ಒಂದು ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಯಾರೂ ಎಂತಕ್ಕೆ ಎಂದು ಕೇಳದ ಸ್ವಲ್ಪ ದುಡ್ಡು ನನ್ನದೇ ಆಗಿ ಬರಬೇಕು. ಆಗ ನನಗಿದ್ದ ಆಸೆ ಇಷ್ಟೇ.

ದಾರಿ ತೋರಿಸಿದವಳು ಮಗಳು ಪಲ್ಲವಿ. ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಅಮ್ಮಾ, ಫೋನಿನಲ್ಲಿ ಗ್ರೂಪ್ ಶುರು ಮಾಡು. ಮೆಂಬರ್‌ಶಿಪ್ ಫೀ ರಖೋ. ಫ್ರೀ ಮೇ ದೋಗೀ ತೋ ಕೋಯೀ ವ್ಯಾಲ್ಯೂ ನಹೀ ಕರೇಗಾ" ಎಂದಳು. ಬಿಟ್ಟಿ ಕೊಟ್ಟದ್ದಕ್ಕೆ ಬೆಲೆಯಿಲ್ಲ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದಳು, ಆದರೆ ಅದನ್ನು ಗ್ರೂಪಿಗೆ ಅನ್ವಯಿಸಬಹುದೆಂದು ಅಜ್ಜಿಗೆ ಹೊಳೆದಿರಲಿಲ್ಲ. ಪಲ್ಲವಿ ಒಂದು ವಿಡಿಯೊ ತೋರಿಸಿದಳು. ಕೋಟು ಹಾಕಿದ ಒಬ್ಬ ಮನುಷ್ಯ, ನಿದ್ದೆಯಲ್ಲೂ ನಗುವವನಂತೆ ನಗುತ್ತ, ಆನ್‌ಲೈನ್ ಸದಸ್ಯರಿಂದ ಲಾಭ ಮಾಡುವುದು ಹೇಗೆ ಎಂದು ಪಾಠ ಹೇಳುತ್ತಿದ್ದ. ಮೊದಲು ಸ್ವಲ್ಪ ದಿನ ರುಚಿ ತೋರಿಸಿ, ಆಮೇಲೆ ಹಣ ಕೇಳಿ. ಮುಖ್ಯವಾಗಿ, ಇದು ತಮ್ಮದೇ ಎಂದು ಸದಸ್ಯರಿಗೆ ಅನ್ನಿಸಬೇಕು ಎಂದ. ನಾನು ತಲೆಯಾಡಿಸಿದೆ. ಅಯ್ಯೋ, ಆ ಮಾತಿಗೆ ಇಷ್ಟು ಬಲವಿದೆಯೆಂದು ಯಾರಿಗೆ ಗೊತ್ತಿತ್ತು!

ಗ್ರೂಪಿಗೆ "ನಾಳೆ ಏನು?" ಎಂದೇ ಹೆಸರಿಟ್ಟೆ. ದಿನಾ ಸಂಜೆ, ಮನೆಗೆ ಹೋಗುವ ಗಾಡಿಯಲ್ಲಿ ಓದಿಕೊಳ್ಳುವ ಹಾಗೆ, ಮರುದಿನ ಏನು, ಯಾವ ತರಕಾರಿ ಕೊಳ್ಳಬೇಕು, ಏನು ನೆನೆ ಹಾಕಬೇಕು ಎಂದು ಬರೆದು ಹಾಕುತ್ತಿದ್ದೆ. ನನಗೇ ಆಶ್ಚರ್ಯವಾಗುವಂತೆ ಜನ ದುಡ್ಡು ಕೊಟ್ಟು ಸೇರಿದರು. ರಬಾಳೆಯ ಫ್ಯಾಕ್ಟರಿ ಆಫೀಸುಗಳಲ್ಲಿ ದುಡಿಯುವವರು, ಠಾಣೆಯ ಹೋಟೆಲಿನವರ ಮನೆಯ ಹೆಂಗಸರು, ಅವರ ನಾದಿನಿಯರು. ಶಹಾಡದಿಂದ ಮಹಾದೇವಿ ಸೇರಿದಳು. ವಿಜಯಪುರದ ಕಡೆಯವಳು, ಅಲ್ಲಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಕೋಪರಿಯಿಂದ ಸರೋಜಕ್ಕ ಸೇರಿದರು. ಕರಾವಳಿಯ ನಮ್ಮೂರ ಕಡೆಯವರೇ, ಈ ಲೈನಿನ ಯಾವ ಕನ್ನಡ ಸಂಘದ ಮಹಿಳಾ ವಿಭಾಗ ತೆಗೆದರೂ ಅದರಲ್ಲಿ ಸರೋಜಕ್ಕ ಹಾಲಿಯೋ ಮಾಜಿಯೋ ಆಗಿರುತ್ತಾರೆ. ಫೀಸನ್ನು ಹೆಚ್ಚಿನವರು ಕಲ್ಯಾಣದ ಗಲ್ಲೆಗೇ ತಂದುಕೊಡುತ್ತಿದ್ದರು, ಇವರು ಅದನ್ನು ಎತ್ತಿಟ್ಟು ನನಗೆ ಒಪ್ಪಿಸುತ್ತಿದ್ದರು. ಆ ದುಡ್ಡಿನಲ್ಲಿ ನಾನು ಯಾರನ್ನೂ ಕೇಳದೆ ಒಂದು ಹೊಸ ಮಿಕ್ಸರ್ ತಂದೆ. ಅದು ತಿರುಗುವ ಸದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ವರ್ಷ ತುಂಬುವ ಹೊತ್ತಿಗೆ ಕೋಟಿನವನ ಇನ್ನೊಂದು ವಿಡಿಯೊ ಬಂತು. ಸದಸ್ಯರನ್ನು ಒಮ್ಮೆ ಮುಖತಃ ಸೇರಿಸಿ, ಆಮೇಲೆ ಯಾರೂ ಬಿಟ್ಟುಹೋಗುವುದಿಲ್ಲ ಎಂದ. ಸರಿ, ಡೊಂಬಿವಲಿಯಲ್ಲಿ ಒಂದು ಹಾಲ್ ಹಿಡಿದೆ. ಇವರು ಹೋಟೆಲಿನಿಂದ ಇಡ್ಲಿ ವಡೆ ತರಿಸಿದರು. ಫೋಟೊ ತೆಗೆದು ಗ್ರೂಪಿಗೆ ಹಾಕುವುದಕ್ಕೆಂದು ಪಲ್ಲವಿಯ ಕೈಗೆ ನನ್ನ ಫೋನು ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶುಭಕಾರ್ಯ ಅಲ್ಲವೇ ಎಂದು ಮನೆಯಿಂದ ಕಾಲುದೀಪ ತಂದು, ವೇದಿಕೆಯ ಮೇಲಿಟ್ಟು, ಎಣ್ಣೆ ಬತ್ತಿ ಹಾಕಿ ಹಚ್ಚಿದೆ. ನಾನು ಮಾಡಿದ ತಪ್ಪು ಅದೊಂದೇ.

ನಮ್ಮ ಜನರ ವಿಷಯ ನಿಮಗೆ ಗೊತ್ತಿದ್ದರೆ ಇಷ್ಟರಲ್ಲೇ ನಿಮ್ಮ ಎದೆ ಧಸಕ್ಕೆಂದಿರಬೇಕು. ಇಲ್ಲಿ ಒಂದೊಂದು ಸ್ಟೇಷನ್ನಿಗೆ ಒಂದೊಂದು ಸಂಘ. ಪ್ರತಿ ಸಂಘಕ್ಕೆ ಮಹಿಳಾ ವಿಭಾಗ, ಯುವ ವಿಭಾಗ, ಭಜನಾ ಮಂಡಳಿ. ಮೂವರು ಕನ್ನಡಿಗರು ಸೇರಿದರೆ ಎರಡು ಸಂಘ ಎಂದು ನನ್ನ ಮಾವ ಹೇಳುತ್ತಿದ್ದರು, ಅವರು ಎರಡರಲ್ಲೂ ಇದ್ದರು. ಇಂಥ ಜನರೆದುರು ದೀಪ ಹಚ್ಚಿದರೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೀಪವಾದ ಮೇಲೆ ಪ್ರಾರ್ಥನೆ, ಆಮೇಲೆ ಸ್ವಾಗತ, ವರದಿ, ಲೆಕ್ಕಪತ್ರ, ಪದಾಧಿಕಾರಿಗಳ ಆಯ್ಕೆ, ವಂದನಾರ್ಪಣೆ, ಊಟ. ಕಣ್ಣು ಕಟ್ಟಿ ಬಿಟ್ಟರೂ ಇದೇ ಕ್ರಮದಲ್ಲಿ ಹೋಗಿ ಊಟಕ್ಕೆ ಕೂರುತ್ತಾರೆ.

ನಾನು ಕೈಯ ಎಣ್ಣೆ ಒರೆಸಿಕೊಳ್ಳುವಷ್ಟರಲ್ಲಿ ಸರೋಜಕ್ಕನ ಕೈಯಲ್ಲಿ ಮೈಕ್ ಇತ್ತು. ನಾನು ಅವರನ್ನು ಕರೆದಿರಲಿಲ್ಲ. ಮೈಕ್ ಇರುವಲ್ಲಿಗೆ ಅವರನ್ನು ಕರೆಯುವ ಅಗತ್ಯ ಬೀಳುವುದಿಲ್ಲ. ಪ್ರಾರ್ಥನೆಯಾಯಿತು, ಸ್ವಾಗತವಾಯಿತು. "ಈಗ ಶಶಿಕಲಾ ಅವರಿಂದ ವಾರ್ಷಿಕ ವರದಿ" ಎಂದು ನನ್ನತ್ತ ಕೈ ತೋರಿಸಿದರು. ಎಂಥ ವರದಿ? ಕಕ್ಕಾಬಿಕ್ಕಿಯಾಗಿ, ಮಳೆಗಾಲದಲ್ಲಿ ಪತ್ರೊಡೆ ಮಾಡಿದೆವು, ಚಳಿಗೆ ಹುರುಳಿ ಸಾರು ಮಾಡಿದೆವು ಎಂದು ಬಾಯಿಗೆ ಬಂದದ್ದು ಹೇಳಿದೆ. ಭಾರಿ ಚಪ್ಪಾಳೆ. "ವರದಿ ಅಂಗೀಕಾರವಾಗಿದೆ. ಇನ್ನು ಲೆಕ್ಕಪತ್ರ."

ನಾನು ನಕ್ಕೆ. "ಲೆಕ್ಕ ಎಂತದ್ದು ಸರೋಜಕ್ಕ? ಹಾಲ್ ಬಾಡಿಗೆ, ತಿಂಡಿ ಕಳೆದು ಉಳಿದದ್ದು ನನಗೆ."

ವಡೆ ಕಚ್ಚಿದವರು ಅಗಿಯುವುದನ್ನು ನಿಲ್ಲಿಸಿದರು.

"ನಿನಗಾ?" ಎಂದರು ಸರೋಜಕ್ಕ. ಮೈಕ್ ಬಾಯಿಯ ಹತ್ತಿರವೇ ಇದ್ದುದರಿಂದ ಆ ಪ್ರಶ್ನೆ ಹಾಲ್ ತುಂಬ ಕೇಳಿಸಿತು.

"ಹೌದು. ಇದು ನನ್ನ ಬಿಸಿನೆಸ್ ಅಲ್ವಾ?"

"ಬಿಸಿನೆಸ್ಸಾ? ದೀಪ ಹಚ್ಚಿ ಬಿಸಿನೆಸ್ಸಾ ಮಾರಾಯ್ತಿ?"

ಎಲ್ಲರೂ ದೀಪದ ಕಡೆ ನೋಡಿದರು. ನಾನೂ ನೋಡಿದೆ. ಅದು ಚೆನ್ನಾಗಿ ಉರಿಯುತ್ತಿತ್ತು. ಸರೋಜಕ್ಕ ಒಳ್ಳೆಯವರು, ನನ್ನ ಪರವಾಗಿ ಅವರೇ ಮಾತಾಡಿದರು. "ಇರಲಿ, ಅವಳಿಗೆ ಗೊತ್ತಿಲ್ಲದೆ ಆದದ್ದು. ತಿಂದು ಹಾಕುವವಳಲ್ಲ ನಮ್ಮ ಶಶಿ. ಇನ್ನು ಒಂದು ಕಮಿಟಿ ಅಂತ ಆದರೆ ಅವಳಿಗೂ ತಲೆಬಿಸಿ ಇಲ್ಲ." ನನಗೆ ಇಲ್ಲದ ತಲೆಬಿಸಿ ಆಗ ಶುರುವಾಯಿತು. ಯಾರಾದರೂ ನನ್ನ ಪಾಲಿಗೆ ಎದ್ದು ನಿಂತಾರೇ ಎಂದು ನೋಡಿದರೆ, ಹಿಂದಿನ ಸಾಲಿನಲ್ಲಿ ಮಹಾದೇವಿ ಎದ್ದು ನಿಂತಳು. ದೇವರೇ ಕಳಿಸಿದ ಎಂದುಕೊಂಡೆ.

"ರೊಕ್ಕದ ಮಾತು ನನಗ ಬ್ಯಾಡ್ರಿ" ಎಂದಳು ಮಹಾದೇವಿ. "ವಾರದಾಗ ಆರು ದಿನ ನಮ್ಮ ಕಡಿಂದ ತೆಂಗಿನಕಾಯಿ ತುರಿಸ್ತಾರ ಈ ಅಕ್ಕಾರು. ರೊಟ್ಟಿ ತಿನ್ನೋ ಮಂದಿ ಏನ್ ಮಾಡ್ಬೇಕ್ರಿ? ಪುಂಡಿಪಲ್ಯ ಯಾವಾಗ, ಝುಣಕ ಯಾವಾಗ? ಕಮಿಟಿ ಮಾಡೂದಾದ್ರ ನಮ್ಮ ಕಡ್ಯಾವ್ರೂ ಒಬ್ರು ಇರ್ಲಿ." ಮತ್ತೆ ಚಪ್ಪಾಳೆ. ಸರೋಜಕ್ಕ ಅಧ್ಯಕ್ಷೆ, ಮಹಾದೇವಿ ಉಪಾಧ್ಯಕ್ಷೆ, ಇಬ್ಬರೂ ಅವಿರೋಧ. ಖಜಾಂಚಿ ಯಾರು ಎಂದಾಗ ಎಲ್ಲರ ಕಣ್ಣು ಚಟ್ನಿಯ ಬಕೆಟ್ ಹಿಡಿದು ಓಡಾಡುತ್ತಿದ್ದ ನನ್ನ ಗಂಡನ ಮೇಲೆ ಬಿತ್ತು. ಗಲ್ಲೆಯ ಅನುಭವ ಉಂಟು, ನಂಬಿಕಸ್ಥರು, ಫೀಸು ಹೇಗೂ ಅವರ ಕೈಯಲ್ಲೇ ಕೊಡುವುದು. ಬೇಡ ಎಂದು ನಾನು ಕಣ್ಣು ಕೆಕ್ಕರಿಸಿದೆ. ಇವರು ಬಕೆಟ್ ಕೆಳಗಿಟ್ಟು, ಎರಡೂ ಕೈ ಜೋಡಿಸಿ, "ನಿಮ್ಮೆಲ್ಲರ ಪ್ರೀತಿಗೆ ಇಲ್ಲ ಅನ್ನಲಿಕ್ಕೆ ನಾನು ಯಾರು?" ಎಂದರು. ಮದುವೆಯಾದಂದಿನಿಂದ ಇಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ.

ನನ್ನನ್ನು ಸಂಸ್ಥಾಪಕಿ ಎಂದು ಕರೆದು ಕುರ್ಚಿಯಲ್ಲಿ ಕೂರಿಸಿದರು. ಹಾರ, ಶಾಲು, ಹಣ್ಣಿನ ತಟ್ಟೆ. ಇಷ್ಟು ಬೇಗ ಶಾಲು ಎಲ್ಲಿಂದ ಬಂತು ಎನ್ನಬೇಡಿ, ಸರೋಜಕ್ಕನ ಚೀಲದಲ್ಲಿ ಒಂದು ಯಾವಾಗಲೂ ಇರುತ್ತದೆ. ಗ್ರೂಪಿನ ಕೀಲಿಕೈಯಾದರೂ ನನ್ನ ಹತ್ತಿರ ಇದೆಯಲ್ಲ, ನಾನೇ ಅಡ್ಮಿನ್ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಪಲ್ಲವಿಯಿಂದ ಫೋನು ಇಸಿದುಕೊಂಡೆ. ನನ್ನ ಹೆಸರಿನ ಮುಂದೆ ಅಡ್ಮಿನ್ ಎಂಬುದೇ ಇಲ್ಲ. ಸರೋಜಕ್ಕನ ಹೆಸರಿನ ಮುಂದೆ ಇದೆ! "ಆಂಟೀ ನೇ ಮಾಂಗಾ ತೋ ದೇ ದಿಯಾ, ಅಮ್ಮಾ. ಆಮೇಲೆ ಆಂಟಿ ನಿನ್ನನ್ನು ಅಡ್ಮಿನ್‌ನಿಂದ ತೆಗೆದ್ರು" ಎಂದಳು ಪಲ್ಲವಿ, ನೆರೆಮನೆಯವರು ಕೇಳಿದರೆಂದು ಮೊಸರಿನ ಹೆಪ್ಪು ಕೊಟ್ಟವಳ ಹಾಗೆ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ.

ಮನೆಗೆ ಬಂದು ಹಾರ ಕಿತ್ತೆಸೆದು ಅತ್ತೆ. ಸೋತ ಸಿಟ್ಟಿಗಿಂತ ಹೆಚ್ಚಾಗಿ, ನನ್ನದೆಂದು ಇದ್ದ ಒಂದೇ ಒಂದು ಹೋಯಿತಲ್ಲ ಎಂಬ ಸಂಕಟ. "ಗಲ್ಲೆಯಲ್ಲಿ ಇನ್ನೂ ಉಳಿದಿರುವ ನನ್ನ ದುಡ್ಡು ಕೊಡಿ" ಎಂದೆ.

"ಅದು ಈಗ ಸಾರ್ವಜನಿಕ ಹಣ" ಎಂದರು ಖಜಾಂಚಿಗಳು, ಚಪ್ಪಲಿ ಬಿಡುತ್ತ. "ಮನಸ್ಸು ಬಂದ ಹಾಗೆ ಕೊಟ್ಟರೆ ನಾಳೆ ಸಭೆಯಲ್ಲಿ ಮಾತು ಬರ್ತದೆ. ನೀನೊಂದು ಅರ್ಜಿ ಕೊಡು, ಕಮಿಟಿ ಎದುರು ಇಡುವ. ಎಂತಕ್ಕೆ ಅಂತ ಮಾತ್ರ ಸರಿಯಾಗಿ ಬರಿ."

ಆ ರಾತ್ರಿ ಅವರಿಗೆ ಗಂಜಿ, ಉಪ್ಪಿನಕಾಯಿ. ಅರ್ಜಿ ಕೊಡಲಿಲ್ಲ, ಮೆನುವನ್ನೂ ಬರೆಯಲಿಲ್ಲ. ಸೋಮವಾರ ಸಂಜೆ ಗ್ರೂಪಿನಲ್ಲಿ ನೂತನ ಪದಾಧಿಕಾರಿಗಳಿಗೆ ಅಭಿನಂದನೆಗಳ ಸುರಿಮಳೆ. ಅದರ ನಡುವೆ ಪಾಪ ಯಾರೋ "ನಾಳೆ ಏನು?" ಎಂದು ಕೇಳಿದ್ದಕ್ಕೆ, ಅಡುಗೆ ಉಪಸಮಿತಿ ಬರುವ ಭಾನುವಾರ ಸೇರಿ ತೀರ್ಮಾನಿಸಲಿದೆ ಎಂದು ಅಧ್ಯಕ್ಷರು ತಿಳಿಸಿದ್ದರು. ಮರುದಿನ ಮಹಾದೇವಿಯ ಫೋನು ಬಂತು. "ಯಕ್ಕಾ, ಉಪಾಧ್ಯಕ್ಷಿ ಆದಾಗಿಂದ ಮನ್ಯಾಗ ಬರೇ ಚಾ, ಬಿಸ್ಕೀಟ್ ನಡದೈತ್ರಿ. ನಾಳಿಗಿ ಏನ್ ಮಾಡ್ಲಿ, ನೀವಾ ಹೇಳ್ರಿ."

"ಹೇಳುತ್ತೇನೆ, ಆದರೆ ಬೇರೆ ಗ್ರೂಪು, ಬೇರೆ ದುಡ್ಡು. ಇದು ಅಂಗಡಿ, ಸಂಘ ಅಲ್ಲ" ಎಂದೆ.

"ಅಂಗಡಿ ಅಂದ್ರ ಅಂಗಡೀನ ಆತು ಬಿಡ್ರಿ. ರೊಟ್ಟಿ ಮಾತ್ರ ವಾರಕ್ಕ ಎರಡು ದಿನ."

ಹಾಗೆ "ಅಡುಗೆ ಅಂಗಡಿ" ಶುರುವಾಯಿತು. ಜೋಳ ತರಿಸಿ ರೊಟ್ಟಿ ತಟ್ಟಲು ಮಹಾದೇವಿಯಿಂದಲೇ ಕಲಿತೆ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಸರೋಜಕ್ಕ ಸೊಸೆಯ ನಂಬರಿನಲ್ಲಿ ಬಂದರು. ಹಾಗಂತ ಹಳೆಯದನ್ನು ಯಾರೂ ಬಿಡಲಿಲ್ಲ. ಹುದ್ದೆ ಅಲ್ಲಿ, ಊಟ ಇಲ್ಲಿ. ಈ ಸಲ ಫೀಸು ನೇರವಾಗಿ ನನ್ನ ಖಾತೆಗೆ, ಲಾಭವೂ ಮೊದಲಿಗಿಂತ ಹೆಚ್ಚು. ಮೊಳೆ ಹೊಡೆದ ಹಾಗೆ ಗಟ್ಟಿಯಾಗಿದ್ದೇನೆ, ಇನ್ನು ನನ್ನನ್ನು ಯಾರೂ ಅಲುಗಾಡಿಸಲಾರರು ಎಂದುಕೊಂಡಿದ್ದೆ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಬಾಗಿಲ ಬೆಲ್ ಆಯಿತು. ತೆರೆದರೆ ಕಮಿಟಿ. ಮುಂದೆ ಸರೋಜಕ್ಕ, ಹಿಂದೆ ಅತಿಥಿಗಳ ಹಾಗೆ ಸಂಕೋಚದಿಂದ ನಿಂತ ನನ್ನ ಗಂಡ. ಈ ಘಳಿಗೆಗೆಂದೇ ಎಷ್ಟೋ ಮಧ್ಯಾಹ್ನ ಪಾತ್ರೆ ತಿಕ್ಕುತ್ತ ಮನಸ್ಸಿನಲ್ಲೇ ಬೈಗುಳ ಜೋಡಿಸಿಟ್ಟುಕೊಂಡಿದ್ದೆ. ಆರಂಭಿಸಬೇಕು ಎನ್ನುವಾಗ ಎಲ್ಲರೂ ಒಳಗೆ ಬಂದರು, ಸರೋಜಕ್ಕ ಕುಂಕುಮದ ಭರಣಿ ಮುಂದೆ ಹಿಡಿದರು. "ಶಶಿ, ನಮ್ಮ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ನೀನೇ. ಸ್ಟೇಷನ್ನಿನ ಹತ್ತಿರ ಬ್ಯಾನರ್ ಹಾಕ್ತೇವೆ, ನಿನ್ನ ಫೋಟೊ ನಡುವಿನಲ್ಲಿ, ದೊಡ್ಡದು." ನನ್ನ ಬೈಗುಳದ ಮೊದಲ ಸಾಲು ಮರೆತುಹೋಯಿತು. "ಮುಖ್ಯ ಅತಿಥಿಗಳು ಸಂಘಕ್ಕೆ ಏನಾದರೂ ಕೊಡುವ ಕ್ರಮ ಉಂಟು" ಎಂದರು ಮೆಲ್ಲಗೆ. "ಒತ್ತಾಯ ಇಲ್ಲ."

ಆಗ ಒಬ್ಬ ಹೆಂಗಸು, ತನ್ನ ಅಂಗಡಿಯಲ್ಲಿ ಈವರೆಗೆ ಬಂದ ಲಾಭವನ್ನೆಲ್ಲ ಸಂಘಕ್ಕೆ ಕೊಡುತ್ತೇನೆ ಎಂದಳು. ಯಾರದು ಎಂದು ನಾನೇ ತಿರುಗಿ ನೋಡಿದೆ. ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ಸರೋಜಕ್ಕ ಬಾಯಿ ಬಿಟ್ಟಿದ್ದರು, ಖಜಾಂಚಿಗಳು ಬಾಯಿ ಬಿಟ್ಟಿದ್ದರು; ಎಲ್ಲರಿಗಿಂತ ಅಗಲವಾಗಿ ನಾನು ಬಿಟ್ಟಿದ್ದೆ. ಮೊದಲು ಸಾವರಿಸಿಕೊಂಡವರು ನನ್ನ ಗಂಡ. ಜೇಬಿನಿಂದ ರಸೀದಿ ಪುಸ್ತಕ ತೆಗೆದು, ನನ್ನ ಹೆಸರನ್ನು ನನ್ನನ್ನೇ ಕೇಳಿ ಬರೆದು, ಹರಿದು, ತಲೆ ಬಾಗಿಸಿ ಕೈಗೆ ಕೊಟ್ಟು, "ತುಂಬಾ ಉಪಕಾರವಾಯಿತು" ಎಂದರು.

ಕಮಿಟಿ ಮೆಟ್ಟಿಲಿಳಿಯಿತು. ಹಿಂದೆಯೇ ಓಡಿಹೋಗಿ ಎಲ್ಲವನ್ನೂ ವಾಪಸ್ ಕೇಳಿಬಿಡಬೇಕು ಎಂದು ಬಾಗಿಲ ತನಕ ಹೋದೆ. ಮೆಟ್ಟಿಲ ಬದಿಯ ಕಟಾಂಜನ ಹಿಡಿದು ಬಗ್ಗಿ, ಇಡೀ ಬಿಲ್ಡಿಂಗಿಗೆ ಕೇಳಿಸುವಂತೆ ಕೂಗಿದೆ: "ಸರೋಜಕ್ಕಾ, ಬ್ಯಾನರಿನಲ್ಲಿ ನನ್ನ ಹೆಸರಿನ ಕೆಳಗೆ 'ಸಮಾಜ ಸೇವಕಿ' ಅಂತ ಹಾಕಿಸ್ಲಿಕ್ಕೆ ಮರೀಬೇಡಿ!"