ಸಮುದ್ರದ ಎದುರಿನ ರೂಮು

ಮಧುಗಿರಿಯ ಪೇಟೆಬೀದಿಯಲ್ಲಿ ಮೋಟಾರು ಬಸ್ಸಿನ ರಬ್ಬರ್ ಹಾರ್ನು ಒಮ್ಮೆ ಕೂಗಿದರೆ ಬೆಟ್ಟದ ಬಂಡೆ ಇನ್ನೊಮ್ಮೆ ಕೂಗುತ್ತದೆ. ಆ ಬೆಳಿಗ್ಗೆ ಈ ಎರಡು ಕೂಗುಗಳ ನಡುವಿನ ಬಿಡುವಿನಲ್ಲೇ ಜವಳಿ ಅಂಗಡಿಯ ರೇಣುಕಯ್ಯ ಹೆಂಡತಿಗೆ ಮಾತು ಕೊಟ್ಟು ಮುಗಿಸಿದ್ದ.

"ಅಂಗಡಿ ಮಾಲು ತರೋಕೆ ಹೋಗೋದು ನೆಪ ಕಣೇ. ಮದರಾಸಲ್ಲಿ ನಿನ್ನ ಮಹಾರಾಣಿ ಹಂಗೆ ಇಟ್ಕೋತೀನಿ. ಹಾಸಿಗೆ ಮೇಲೆ ಕೂತ್ಕೊಂಡೇ ಸಮುದ್ರ ನೋಡು."

ಸರ್ವಮಂಗಳೆ ಕಂಡಿದ್ದ ದೊಡ್ಡ ನೀರೆಂದರೆ ಮಳೆ ಚೆನ್ನಾಗಿ ಬಿದ್ದ ವರ್ಷದ ಕೆರೆ. ಅದಕ್ಕೆ ಆಚೆ ದಡವಿತ್ತು. ಆಚೆ ದಡವೇ ಇಲ್ಲದ ನೀರಿನಲ್ಲಿ ಒಮ್ಮೆ ಕಾಲಿಟ್ಟು ನಿಲ್ಲಬೇಕೆಂಬುದು ಅವಳ ಹಳೆಯ ಆಸೆ.

ಬಸ್ಸು ಹತ್ತುವಾಗ ರೇಣುಕಯ್ಯ ಬೀಳ್ಕೊಡಲು ಬಂದವರಿಗೆಲ್ಲ ಹೋಟೆಲಿನ ವಿಳಾಸ ಸಾರಿದ. "ಸ್ಟೇಷನ್ನಿಗೂ ಹತ್ರ, ಪೇಟೆಗೂ ಹತ್ರ, ಎದುರಿಗೇ ಸಮುದ್ರ. ಆ ಕಡೆ ಬಂದ್ರೆ ನಮ್ಮ ರೂಮಿಗೇ ಬರ್ಬೇಕು." ಹೊರಡುವವರು ಹೀಗನ್ನುವುದೂ, ಉಳಿಯುವವರು "ಆಗ್ಲಿ, ಆಗ್ಲಿ" ಎನ್ನುವುದೂ ನಮ್ಮ ಕಡೆಯ ಮರ್ಯಾದೆ. ಆ ಮಾತನ್ನು ಯಾರಾದರೂ ನಂಬಿಬಿಡಬಹುದೆಂದು ಯಾರೂ ಎಣಿಸುವುದಿಲ್ಲ.

ಮದರಾಸಿನ ಆ ರೂಮಿನ ಎದುರಿಗೆ ಒಂದು ಉಗ್ರಾಣದ ಗೋಡೆಯಿತ್ತು. ಸಮುದ್ರ ಅದರ ಹಿಂದೆ. ಕಾಣುತ್ತಿರಲಿಲ್ಲ, ನಿದ್ದೆ ಹೋದ ದೊಡ್ಡ ಪ್ರಾಣಿಯಂತೆ ಉಸಿರಾಡುವುದು ಮಾತ್ರ ಕೇಳುತ್ತಿತ್ತು. "ಮುಖ ತೊಳ್ಕೊಂಡು ಹೋಗಿಬುಡೋಣ" ಎಂದ ರೇಣುಕಯ್ಯ. ಸರ್ವಮಂಗಳೆ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಊರಿನಿಂದ ಬೆನ್ನಿಗೇ ಹೊರಟುಬಂದ ರುದ್ರಯ್ಯಮಾವ, ದಾಕ್ಷಾಯಣಮ್ಮತ್ತೆ, ಜೊತೆಗೆ ಒಂದು ಟ್ರಂಕು.

"ನೀನು ಕರೆದೆ, ನಾವು ಬಂದ್ಬುಟ್ವಿ ಕಣಪ್ಪ" ಎಂದರು ಮಾವ.

ರೇಣುಕಯ್ಯ ಕೆಳಗಿನಿಂದ ಊಟ ತರಿಸಲು ಹೊರಟ. ಅತ್ತೆ ತಡೆದರು. "ನಮ್ಮೋರೇ ಇರೋವಾಗ ಹೋಟ್ಲಲ್ಲಿ ಉಂಡ್ರೆ ಊರಲ್ಲಿ ಏನಂದಾರು? ಮಾವನೋರ ಪೂಜೆ ಆಗೋದ್ರೊಳಗೆ ಒಂದು ಅನ್ನ, ಒಂದು ಸಾರು ಮಾಡಿಬುಡಮ್ಮ. ಸಾಕು."

ಮ್ಯಾನೇಜರು ರೂಮಿನ ಹಿಂದಿನ ಜಗಲಿಯಲ್ಲಿ ಇದ್ದಿಲ ಒಲೆ ಕೊಡಿಸಿದ. ಮಹಾರಾಣಿಯವರು ಅದರ ಮುಂದೆ ಕುಳಿತು ಊದತೊಡಗಿದರು. ಉಂಡವರು ಸಮುದ್ರಕ್ಕೆ ಹೊರಟರು. ದಾರಿ ತೋರಿಸಲು ರೇಣುಕಯ್ಯ, ಟ್ರಂಕು ಕಾಯಲು ಸರ್ವಮಂಗಳೆ.

ಮರುದಿನ ಅದೇ ವಿಳಾಸ ಕೇಳಿಕೊಂಡು ಶಿರಾದ ಮರುಳಸಿದ್ದಯ್ಯನ ಸಂಸಾರ ಇಳಿಯಿತು. ಅವರಿಗೆ ರಾಗಿಮುದ್ದೆಯೇ ಆಗಬೇಕು. ಹಿಟ್ಟು ತಾವೇ ತಂದಿದ್ದರು, ಪಾಪ. ಎಲ್ಲರೂ ಹೋಗಿಬಂದು, ಸಮುದ್ರ ಹೇಗಿದೆಯೆಂದು ಸರ್ವಮಂಗಳೆಗೆ ವಿವರಿಸುತ್ತ ರೂಮಿನಲ್ಲಿ ಕಾಲು ಕೊಡವಿದರು.

"ನಾಳೆ ಹೋಗಾಣ ಕಣೇ" ಎಂದ ರೇಣುಕಯ್ಯ. "ಎಲ್ಲಿಗೆ ಹೋಗುತ್ತೆ ಅದು?"

"ಎಲ್ಲಿಗೂ ಹೋಗಲ್ಲ. ಅದೇ ದಿನಾ ಇಲ್ಲಿಗೆ ಬರ್ತಾ ಇದೆಯಲ್ಲ" ಎಂದಳು ಅವಳು, ಪೊರಕೆಯಿಂದ ಮರಳು ಗುಡಿಸುತ್ತ. "ಅರ್ಧ ಸಮುದ್ರ ಗುಡಿಸಿದೀನಿ. ನೀರು ಒಂದು ನೋಡೋದು ಬಾಕಿ."

ಆ ನಾಳೆ ಹೊರಡುವ ದಿನ. ಸಂಜೆಗೆ ರೈಲು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಪಕ್ಕದಲ್ಲಿ ಸಾರು. ಈ ಒಂದು ಅಡುಗೆ ಇಳಿಸಿದರೆ ಗಂಡನನ್ನು ಕೈಹಿಡಿದಾದರೂ ಎಳೆದುಕೊಂಡು ಹೋಗುವುದೆಂದು ಅವಳು ನಿಶ್ಚಯಿಸಿದ್ದಳು. ಮತ್ತೆ ಯಾರೋ ಬಾಗಿಲು ಬಡಿದರು. ಕೊರಟಗೆರೆಯ ಬಸವಲಿಂಗಯ್ಯ, ಹಿಂದೆ ಅವರ ಬೀಗರು.

"ಬನ್ನಿ, ಬನ್ನಿ" ಎಂದ ರೇಣುಕಯ್ಯ, ನಾಲಿಗೆಯ ಅಭ್ಯಾಸ. "ಸರಿಯಾದ ಹೊತ್ತಿಗೇ ಬಂದ್ರಿ. ಮಂಗಳಾ, ಇನ್ನೊಂದು ಪಾವು ಅಕ್ಕಿ..."

ಸರ್ವಮಂಗಳೆ ಎದ್ದಳು. ಕೈಯಲ್ಲಿದ್ದ ಸೌಟನ್ನು ತಾಂಬೂಲ ಕೊಡುವಷ್ಟು ವಿನಯದಿಂದ ಗಂಡನ ಕೈಗಿತ್ತಳು. ಬಂದವರಿಗೆ ನಮಸ್ಕಾರ ಮಾಡಿದಳು.

"ಎಲ್ಲಿಗೇ?"

"ಇಲ್ಲೇ, ಎದುರಿಗೆ. ಹತ್ರ ಅಲ್ವೇನ್ರೀ? ನೀವೇ ಊರೆಲ್ಲ ಸಾರಿದ್ರಿ."

"ಅಲ್ಲ ಕಣೇ, ಅನ್ನ?"

"ಅನ್ನ ಇನ್ನೇನು ಆಯ್ತು, ಬಸಿದ್ರೆ ಮುಗೀತು. ಸಾರಿಗೆ ಮಾತ್ರ ಉಪ್ಪು ಬಿದ್ದಿಲ್ಲ" ಎಂದಳು, ಆಗಲೇ ಮೆಟ್ಟಿಲ ಮೇಲಿದ್ದಳು. ಸೌಟು ಹಿಡಿದ ರೇಣುಕಯ್ಯ ಮೆಟ್ಟಿಲ ಕಟಕಟೆಯ ಮೇಲೆ ಬಾಗಿ ಎಷ್ಟು ಹಾಕಲೆಂದು ಕೂಗಿದ. ಕೆಳಗಿನ ಬಾಗಿಲಿನ ಬಿಸಿಲಿಗೆ ಇಳಿಯುತ್ತ ಅವಳು ತಿರುಗದೆಯೇ, ನಿಲ್ಲದೆಯೇ ಹೇಳತೊಡಗಿದಳು; ಅರ್ಧ ಮಾತಷ್ಟೇ ಮೇಲಕ್ಕೆ ಕೇಳಿಸಿತು:

"ಏನಿಲ್ಲ, ಇಷ್ಟು ಜನಕ್ಕೆ ಅಂದ್ರೆ, ನಿಮ್ಮ ಕೈಯಲ್ಲಿ ಒಂದು..."